ಚರಂಡಿ ಮೊದಲು ಅಂದ ತಮ್ಮನಿಗೂ, ದೂರದಲ್ಲಿರುವ ಮಗಳಿಗೂ

ಎಲ್ಲರಿಗೂ ನಮಸ್ಕಾರ. ಇದು ಉದ್ದ ಆಗುತ್ತದೆ, ಕೆಲಸ ಮಾಡುತ್ತಾ ಕೇಳಿ. ಇಷ್ಟೆಲ್ಲ ಟೈಪ್ ಮಾಡಲು ನನ್ನ ಕೈಲಿ ಆಗುವುದಿಲ್ಲ, ಅದಕ್ಕೆ ಮಾತಾಡಿ ಕಳಿಸುತ್ತಿದ್ದೇನೆ. ನಡುವೆ ಕೂಲರ್ ಸದ್ದು ಬರುತ್ತದೆ. ಬಳ್ಳಾರಿ ಬಿಸಿಲು ನಿಮಗೆ ಗೊತ್ತೇ ಇದೆಯಲ್ಲ.

ಮೊದಲು ನಿನ್ನ ಮಾತು, ಮಗಳೇ. ಮೊನ್ನೆ ನಮ್ಮ ಮನೆಯವರ ಗ್ರೂಪಿನಲ್ಲಿ ನೀನು ಬರೆದೆ. ಇಂಗ್ಲೆಂಡಿನಲ್ಲಿ ನೀವಿರುವ ಊರಿನ ಕೌನ್ಸಿಲ್, ಅಂದರೆ ನಮ್ಮ ಪಾಲಿಕೆಯಂಥದ್ದು, ಅದರ ಹತ್ತಿರ ರೊಕ್ಕ ಇಲ್ಲವಂತೆ. ನಮ್ಮ ಮೊಮ್ಮಗಳು ಭರತನಾಟ್ಯ ಕಲಿಯುವ ಕಲಾಕೇಂದ್ರಕ್ಕೆ ಕೊಡುವ ಅನುದಾನ ಕಡಿತ ಮಾಡುತ್ತಾರಂತೆ. ಜನರ ಅಭಿಪ್ರಾಯ ಕೇಳಿ ಫಾರ್ಮ್ ಕಳಿಸಿದ್ದಾರೆ. "ನಾವು ಹೊರಗಿನಿಂದ ಬಂದವರು, ತುಂಬಬೇಕಾ ದೊಡ್ಡಮ್ಮ?" ಅಂತ ಕೇಳಿದೆ. ಅದರ ಕೆಳಗೆ ತಮ್ಮ ಬರೆದ: "ಕಸ, ಚರಂಡಿ, ರಸ್ತೆ ಮೊದಲು. ಕುಣಿತ ಆಮೇಲೆ." ಐದು ಜನ ಅದಕ್ಕೆ ಹೌದು ಅಂದಿರಿ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ತಮ್ಮಾ, ನಿನ್ನ ಮಾತು ಸುಳ್ಳು ಅಂತ ನಾನು ಹೇಳುವುದಿಲ್ಲ. ನಮ್ಮ ಓಣಿಯ ಚರಂಡಿ ಪ್ರತಿ ಮಳೆಗೆ ಮನೆ ಬಾಗಿಲಿಗೆ ಬರುತ್ತದೆ. ಆದರೆ ರಂಗಮಂದಿರದ ರೊಕ್ಕ ನಿಲ್ಲಿಸಿದರೆ ಚರಂಡಿ ಸರಿಯಾಗುತ್ತದಾ? ಅದನ್ನು ಕೇಳಬೇಕಲ್ವಾ? ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿಯ ಸುದ್ದಿ ಓದಿದೆ. ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ 2023ರ ಸೆಪ್ಟೆಂಬರಿನಲ್ಲಿ ರೊಕ್ಕ ಇಲ್ಲ ಅಂತ ಕೈ ಎತ್ತಿತು. ಹೆಣ್ಣುಮಕ್ಕಳಿಗೆ ಎಷ್ಟೋ ವರ್ಷ ಕಡಿಮೆ ಸಂಬಳ ಕೊಟ್ಟಿದ್ದರು, ಆ ಬಾಕಿ ಮೈಮೇಲೆ ಬಂತು. ಹೊಸ ಕಂಪ್ಯೂಟರ್ ವ್ಯವಸ್ಥೆಯ ಖರ್ಚೂ ಕೈ ಮೀರಿತು. ಮೊದಲಿನಿಂದ ಮೇಲಿನ ಸರ್ಕಾರ ಕೊಡುವ ಹಣವೂ ಕಡಿಮೆ ಆಗುತ್ತಾ ಬಂದಿತ್ತು. ಎರಡು ವರ್ಷದಲ್ಲಿ ಸುಮಾರು 30 ಕೋಟಿ ಪೌಂಡ್ ಉಳಿಸಬೇಕು ಅಂತ ಲೆಕ್ಕ ಹಾಕಿದರು. ದೊಡ್ಡ ಕಲಾ ಸಂಸ್ಥೆಗಳ ಅನುದಾನವನ್ನು ಮೊದಲ ವರ್ಷ ಅರ್ಧ ಮಾಡಿದರು, ಎರಡನೇ ವರ್ಷ ಪೂರ್ತಿ ತೆಗೆದರು. ಆ 30 ಕೋಟಿ ಮುಂದೆ ಕಲೆಯ ಹಣ ಚಟಾಕಿನಷ್ಟು. ಮನೆ ತೆರಿಗೆಯನ್ನೂ ಶೇಕಡಾ 10ರಷ್ಟು ಏರಿಸಿದರು. ನಾಟಿಂಗ್‌ಹ್ಯಾಮ್‌ನಲ್ಲೂ ಹೀಗೇ ಆಯಿತು, ಅಲ್ಲಿ ನಾಟಕಶಾಲೆಯ ಹಣ ನಿಂತಿತು.

ಯಾಕೆ ಕಲೆಗೇ ಮೊದಲು ಕತ್ತರಿ? ಅಲ್ಲಿ ವಯಸ್ಸಾದವರ ಆರೈಕೆ, ದಿಕ್ಕಿಲ್ಲದ ಮಕ್ಕಳ ರಕ್ಷಣೆ ಕೌನ್ಸಿಲ್ ಮಾಡಲೇಬೇಕು ಅಂತ ಕಾನೂನು ಇದೆ. ಗ್ರಂಥಾಲಯಕ್ಕೂ ಇದೆ. ನಾಟಕ, ಕುಣಿತಕ್ಕೆ ಅಂಥ ಕಾನೂನು ಇಲ್ಲ. ಅದಕ್ಕೇ ಕೈ ಅಲ್ಲಿಗೆ ಮೊದಲು ಹೋಗುತ್ತದೆ. ನಮ್ಮ ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರಸಭೆ, ಪಾಲಿಕೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಅದರಲ್ಲಿ ಸಂಸ್ಕೃತಿಯನ್ನು ಬೆಳೆಸುವುದೂ ಒಂದು. ಪಟ್ಟಿಯಲ್ಲಿ ಇದೆ ಅಷ್ಟೇ. ನಮ್ಮ ಕಡೆ ರಂಗಮಂದಿರಗಳನ್ನು ಹೆಚ್ಚಾಗಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ನೋಡಿಕೊಳ್ಳುತ್ತದೆ.

ಈಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಊರು, ಕಟ್ಟಡದ ಹೆಸರು ಬೇಡ.

ನಾನು ಟೀಚರ್ ಆಗಿದ್ದಾಗ ವರ್ಷಕ್ಕೊಂದು ಸಲ ನಮ್ಮ ಶಾಲೆಯ ಹುಡುಗಿಯರಿಂದ ನಾಟಕ ಮಾಡಿಸುತ್ತಿದ್ದೆ. ಹತ್ತಿರದ ಊರಲ್ಲಿ ಒಂದು ಸರ್ಕಾರಿ ಸಭಾಂಗಣ ಇತ್ತು. ಬಾಡಿಗೆ ಕಡಿಮೆ. ಒಬ್ಬ ಕಾವಲುಗಾರ ಇದ್ದರು. ಪರದೆ ಎಳೆಯುವುದು, ಲೈಟ್ ಹಾಕುವುದು, ಮಕ್ಕಳಿಗೆ ನೀರು ಇಡುವುದು, ಎಲ್ಲ ಅವರೇ. ನಮ್ಮ ಮಕ್ಕಳಲ್ಲಿ ಕುರಿ ಕಾಯುವ ಮನೆಯ ಒಂದು ಹುಡುಗಿ ಇತ್ತು. ತರಗತಿಯಲ್ಲಿ ಹೆಸರು ಕರೆದರೂ ಬಾಯಿ ಬಿಡುತ್ತಿರಲಿಲ್ಲ. ಆ ವೇದಿಕೆಯ ಮೇಲೆ, ಲೈಟ್ ಮುಖಕ್ಕೆ ಬಿದ್ದ ಕೂಡಲೇ, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಮಾತಾಡಿತು. ಅವರಪ್ಪ ಬಾಗಿಲ ಹತ್ತಿರ ನಿಂತಿದ್ದರು. ಕಂಬಳಿ ಹೆಗಲ ಮೇಲೆ. ನಾಟಕ ಮುಗಿಯುವ ತನಕ ಕೂರಲಿಲ್ಲ. ಆ ಹುಡುಗಿ ಈಗ ತಾನೂ ಟೀಚರ್. ತನ್ನ ಶಾಲೆಯ ಮಕ್ಕಳಿಗೆ ನಾಟಕ ಕಲಿಸುತ್ತದೆ.

ಆ ಸಭಾಂಗಣಕ್ಕೆ ಏನಾಯಿತು ಗೊತ್ತಾ? ಯಾರೂ ಒಂದು ದಿನ ಬಂದು ಬೀಗ ಹಾಕಲಿಲ್ಲ. ಮೊದಲು ಕಾವಲುಗಾರ ನಿವೃತ್ತಿ ಆದರು, ಅವರ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಆಮೇಲೆ ಎರಡು ಲೈಟ್ ಕೆಟ್ಟವು, ಮತ್ತೆ ನಾಲ್ಕು. ಛಾವಣಿ ಸೋರಿತು. ವೇದಿಕೆಯ ಹಲಗೆಗೆ ಗೆದ್ದಲು ಹತ್ತಿತು. ಖರ್ಚು ಹೊಂದಿಸಬೇಕು ಅಂತ ಬಾಡಿಗೆ ಏರಿಸಿದರು, ಮುಂಗಡವೂ ಜಾಸ್ತಿ ಆಯಿತು. ನಮ್ಮ ಶಾಲೆಗೆ ಕೊಡಲು ಆಗಲಿಲ್ಲ. ಹವ್ಯಾಸಿ ತಂಡದವರೂ ಬಿಟ್ಟರು. ಮದುವೆ ಆರತಕ್ಷತೆ, ಸಭೆ, ಇವಷ್ಟೇ ಉಳಿದವು. ಕೊನೆಗೆ ಕಾಗದದಲ್ಲಿ ಬರೆದರು: ಇಲ್ಲಿ ನಾಟಕಕ್ಕೆ ಯಾರೂ ಬರುವುದಿಲ್ಲ, ಹಣ ಕೊಡುವುದು ವ್ಯರ್ಥ. ನನಗೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುವುದು ಇದಕ್ಕೇ. ಬರುವ ದಾರಿಯನ್ನು ಮುಚ್ಚಿದವರೇ, ಯಾರೂ ಬರುತ್ತಿಲ್ಲ ಅಂತ ಲೆಕ್ಕ ತೋರಿಸಿದರು.

ಮಾಮಾ, ನೀವು ಇನ್ನೊಂದು ಬರೆದಿದ್ದೀರಿ. "ನಮ್ಮ ಕಾಲದಲ್ಲಿ ಬಯಲಾಟಕ್ಕೆ, ಕಂಪನಿ ನಾಟಕಕ್ಕೆ ಯಾರು ಅನುದಾನ ಕೊಡುತ್ತಿದ್ದರು?" ಅಂತ. ನಿಮಗೆ ಎದುರು ಮಾತಾಡುತ್ತಿದ್ದೇನೆ ಅಂದುಕೊಳ್ಳಬೇಡಿ. ಬಯಲಾಟಕ್ಕೆ ಊರೇ ಕೊಡುತ್ತಿತ್ತಲ್ವಾ? ಪಟ್ಟಿ ಹಾಕಿ ರೊಕ್ಕ ಕೂಡಿಸುತ್ತಿದ್ದರು. ಒಬ್ಬರು ಜೋಳ ಕೊಟ್ಟರೆ, ಇನ್ನೊಬ್ಬರು ಅಟ್ಟ ಕಟ್ಟಲು ಕಂಬ ಕೊಟ್ಟರು. ತಾಲೀಮಿಗೆ ಯಾರದೋ ಮನೆಯ ಪಡಸಾಲೆ. ಪೇಟಿ ಮಾಸ್ತರರಿಗೆ ತಿಂಗಳುಗಟ್ಟಲೆ ಊಟ ಒಂದೊಂದು ಮನೆಯಲ್ಲಿ. ಆಟ ಆಡುವ ಬಯಲಿಗೆ ಬಾಡಿಗೆಯೇ ಇರಲಿಲ್ಲ. ಅದೂ ಊರಿನ ಎಲ್ಲರ ಗಂಟಿನ ಹಣವೇ. ಈಗ ನಾವು ತೆರಿಗೆ ಕಟ್ಟುತ್ತೇವೆ. ಆ ಪಟ್ಟಿಯ ಕೆಲಸ ತೆರಿಗೆಯೇ ಮಾಡಬೇಕು. ಕಂಪನಿಯವರಿಗೂ ಜಾತ್ರೆ ಬೇಕಿತ್ತು, ತಗಡಿನ ಥಿಯೇಟರ್ ಹಾಕಲು ಮೈದಾನ ಬೇಕಿತ್ತು. ಮೈದಾನ ಹೋದ ಊರಲ್ಲಿ ಕಂಪನಿಯ ಕ್ಯಾಂಪೂ ಹೋಯಿತು.

ನಮ್ಮ ಬಳ್ಳಾರಿ ಎಂಥ ಊರು ಅಂತ ನಮ್ಮ ಮಕ್ಕಳಿಗೇ ಗೊತ್ತಿಲ್ಲ. ಬಳ್ಳಾರಿ ರಾಘವರು ವಕೀಲರು. ಹಗಲು ಕೋರ್ಟು, ರಾತ್ರಿ ಬಣ್ಣ. ಹೆಣ್ಣಿನ ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಅಂತ ಆ ಕಾಲದಲ್ಲೇ ನಿಂತವರು. 1946ರಲ್ಲಿ ತೀರಿಕೊಂಡರು, ಅವರ ಹೆಸರಿನ ಕಲಾಮಂದಿರ ನಮ್ಮೂರಲ್ಲಿದೆ. ಗಮಕಿ ಜೋಳದರಾಶಿ ದೊಡ್ಡನಗೌಡರ ಹೆಸರಿನ ರಂಗಮಂದಿರವೂ ಇದೆ. ರಾಯಚೂರಿನಲ್ಲಿ ಪಂಡಿತ ಸಿದ್ದರಾಮ ಜಂಬಲದಿನ್ನಿ ಅವರ ಹೆಸರಿನದು ಇದೆ. ಸುಭದ್ರಮ್ಮ ಮನ್ಸೂರ್ ರಂಗಗೀತೆ ಎತ್ತಿದರೆ ಮೈ ಜುಮ್ಮೆನ್ನುತ್ತಿತ್ತು, 2020ರಲ್ಲಿ ಹೋದರು. ತೊಗಲುಗೊಂಬೆಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ರಸ್ತೆ ಅಪಘಾತದಲ್ಲಿ ಹೋದರು. ತೊಗಲುಗೊಂಬೆ ಆಡಿಸುವ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಇಳಿವಯಸ್ಸಿನಲ್ಲಿ ಬಂದ ಗೌರವ. ಖುಷಿಯಿಂದ ಕಣ್ಣೀರು ಬಂತು ನನಗೆ. ಆದರೆ ಅವರ ಕೈಯಿಂದ ಗೊಂಬೆ ತೆಗೆದುಕೊಳ್ಳುವ ಮಗುವಿಗೆ ಆಡಲು ಒಂದು ಜಾಗ ಬೇಕಲ್ಲ?

ಇನ್ನೊಂದು ಸಂಗತಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ನಾಟಕ ನಿಂತರೆ ನಿಲ್ಲುವುದು ನಟರ ಖುಷಿ ಮಾತ್ರ ಅಲ್ಲ. ಮರಿಯಮ್ಮನಹಳ್ಳಿಯ ಕಡೆಯ ಕಲಾವಿದೆಯರು ಹಳ್ಳಿ ಹಳ್ಳಿಗೆ ಹೋಗಿ ಸ್ತ್ರೀ ಪಾತ್ರ ಮಾಡಿ ಮನೆ ನಡೆಸಿದವರು. ಮೇಕಪ್‌ನವರು, ಡ್ರೆಸ್ ಬಾಡಿಗೆ ಕೊಡುವವರು, ತಬಲಾದವರು, ಮೈಕ್ ಸೆಟ್ಟಿನ ಹುಡುಗ, ಬಾಗಿಲಲ್ಲಿ ಮಂಡಕ್ಕಿ ಮಿರ್ಚಿ ಮಾರುವ ಅಕ್ಕ, ಇವರೆಲ್ಲರ ಒಂದು ದಿನದ ದುಡಿಮೆ ಅದು. ಟಿಕೆಟ್ ದರ ಏರಿಸಿ ಅನ್ನುತ್ತಾರೆ. 50 ರೂಪಾಯಿ ಕೊಟ್ಟು ಬರುವ ಮನೆಯವರು 300 ಅಂದರೆ ಬರುವುದಿಲ್ಲ, ಮಕ್ಕಳನ್ನು ಕರೆದುಕೊಂಡು ಬರುವುದಂತೂ ಇಲ್ಲವೇ ಇಲ್ಲ.

ಮಗಳೇ, ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಹೊರಗಿನವಳು ಅಂತ ಯಾಕೆ ಅಂದುಕೊಳ್ಳುತ್ತೀ? ನೀನೂ ಅಳಿಯಂದಿರೂ ಅಲ್ಲಿ ತೆರಿಗೆ ಕಟ್ಟುತ್ತೀರಿ. ನಿನ್ನ ಮಗು ಅಲ್ಲಿ ಗೆಜ್ಜೆ ಕಟ್ಟಿದೆ. ಫಾರ್ಮ್ ತುಂಬು. ತುಂಬಿದರೆ ಏನಾಗುತ್ತದೆ ಅಂತ ಸುಮ್ನೆ ಇರಬೇಡ. ಇಂಗ್ಲೆಂಡಿನಲ್ಲೇ ಸಫೋಕ್ ಅನ್ನುವ ಕಡೆ 2024ರಲ್ಲಿ ಕೌನ್ಸಿಲ್ ಕಲೆ, ವಸ್ತುಸಂಗ್ರಹಾಲಯಗಳ ಅನುದಾನ ಪೂರ್ತಿ ನಿಲ್ಲಿಸುತ್ತೇವೆ ಅಂದಿತ್ತು. ಜನ ಗಟ್ಟಿಯಾಗಿ ವಿರೋಧ ಮಾಡಿದರು. ಆಮೇಲೆ ಕೌನ್ಸಿಲ್ ಹಿಂದೆ ಸರಿದು, ಸಂಸ್ಥೆಗಳು ಅರ್ಜಿ ಹಾಕಿ ಪಡೆಯುವಂಥ ನಿಧಿ ಇಟ್ಟಿತು. ಪೂರ್ತಿ ಗೆಲುವಲ್ಲ, ಆದರೆ ಸೊನ್ನೆಯೂ ಅಲ್ಲ.

"ಕಲೆ ಮುಖ್ಯ" ಅಂತಷ್ಟೇ ಬರೆಯಬೇಡ. ಎಲ್ಲರೂ ಅದನ್ನೇ ಬರೆಯುತ್ತಾರೆ. ವಾರದಲ್ಲಿ ಎಷ್ಟು ದಿನ ಮಗು ಹೋಗುತ್ತದೆ, ಎಷ್ಟು ಮಕ್ಕಳು ಬರುತ್ತಾರೆ, ಫೀಸ್ ಎಷ್ಟು, ಅದು ಎರಡರಷ್ಟಾದರೆ ಎಷ್ಟು ಜನ ಬಿಡುತ್ತಾರೆ, ಅದನ್ನು ಬರೆ. ಬೇರೆ ಮಕ್ಕಳ ಅಮ್ಮಂದಿರನ್ನೂ ಕರೆದು ಕೂರಿಸಿಕೊಂಡು ಬರೆಸು. ಇಂಗ್ಲಿಷ್ ಬರೆಯಲು ಹಿಂಜರಿಯುವವರ ಪಕ್ಕದಲ್ಲಿ ನೀನೇ ಕೂರು. ಲೈಟ್ ಕೆಟ್ಟಾಗ, ಬಾಡಿಗೆ ಏರಿದಾಗ, ಸಿಬ್ಬಂದಿ ಕಡಿಮೆ ಆದಾಗ, ತಾರೀಖು ಹಾಕಿ ಗುರುತು ಮಾಡಿಟ್ಟುಕೊಳ್ಳಿ. ಇದನ್ನು ನಾವು ಆಗ ಮಾಡಲಿಲ್ಲ. ಮಾಡಿದ್ದರೆ ಆ ಕಾಗದಕ್ಕೆ ಉತ್ತರ ಕೊಡಬಹುದಿತ್ತು.

ತಮ್ಮಾ, ನಿನಗೂ ಒಂದು ಕೆಲಸ. ನಮ್ಮ ಓಣಿಯ ಚರಂಡಿಗೆ ಅರ್ಜಿ ಬರೆ, ನಾನೂ ಸಹಿ ಹಾಕುತ್ತೇನೆ, ಹತ್ತು ಮನೆ ಸಹಿ ಹಾಕಿಸುತ್ತೇನೆ. ಭಾನುವಾರ ಸಂಜೆ ಹುಡುಗರ ಒಂದು ತಂಡ ನಾಟಕ ಇಟ್ಟಿದೆ. ನಿನಗೂ ಮಾಮಾಗೂ ನಾನು ಟಿಕೆಟ್ ತೆಗೆದಿದ್ದೇನೆ. ಆರು ಗಂಟೆಗೆ ಮನೆಗೆ ಬಾ, ಮಾಮಾನನ್ನು ಆಟೋದಲ್ಲಿ ಕರೆದುಕೊಂಡು ಹೋಗೋಣ, ಅವರಿಗೆ ಮೆಟ್ಟಿಲು ಹತ್ತುವುದು ಕಷ್ಟ.

ಮಗಳೇ, ಬರೆದದ್ದನ್ನು ಕಳಿಸುವ ಮೊದಲು ನನಗೂ ಒಮ್ಮೆ ಓದಿ ಹೇಳು. ಮಗುವಿನ ಅಲರಿಪ್ಪು ಕುಣಿತದ ವಿಡಿಯೋ ಕಳಿಸು, ಕಳೆದ ಸಲದ್ದು ನಡುವೆಯೇ ನಿಂತುಬಿಟ್ಟಿತ್ತು.