ಎಂ.ಕಾಂ 98 ಬಳಗ: 12 ಜನವರಿ 2025, ಭಾನುವಾರ

ಮಂಜು: [ಹಲವು ಬಾರಿ ಫಾರ್ವರ್ಡ್ ಆಗಿದೆ] 🔴 ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೊಸ ರೂಲ್ಸ್ ಜಾರಿ!! ಪ್ರೊಫೆಸರ್ ಆಗೋಕೆ ನೆಟ್ ಅರ್ಹತಾ ಪರೀಕ್ಷೆನೂ ಬೇಡ, ಪಿಎಚ್‌ಡಿನೂ ಬೇಡ. ಬಿಸಿನೆಸ್‌ನವರೇ ಕುಲಪತಿ!! ಎಲ್ಲರಿಗೂ ಕಳಿಸಿ 🙏

ಮಂಜು: ನಾನು ಅವತ್ತೇ ಹೇಳಿದ್ದೆ.

ಶೈಲಜಾ: ಜಾರಿ ಅಂತ ಎಲ್ಲಿದೆ? ಗೆಜೆಟ್ ನಂಬರ್ ಹಾಕು. ಜನವರಿ 6ಕ್ಕೆ ಬಿಟ್ಟಿದ್ದು ಕರಡು. ನೆಟ್, ಪಿಎಚ್‌ಡಿ ಎರಡೂ ಇಲ್ಲದೆ ಅಸಿಸ್ಟೆಂಟ್ ಪ್ರೊಫೆಸರ್ ಆಗೋ ದಾರಿ ಇರೋದು ಎಂ.ಟೆಕ್, ಎಂ.ಇ.ಲಿ ಶೇ 55 ತೆಗೆದವರಿಗೆ. ಕುಲಪತಿ ಹುದ್ದೆಗೆ ಉದ್ಯಮ, ಆಡಳಿತದಲ್ಲಿ 10 ವರ್ಷ ಹಿರಿಯ ಸ್ಥಾನದಲ್ಲಿದ್ದವರೂ ಬರಬಹುದು, ಅದು ನಿಜ. ಆದ್ರೆ ಕುಲಪತಿನ ಹುಡುಕೋ ಶೋಧನಾ ಸಮಿತಿ ನೋಡು: ಕುಲಾಧಿಪತಿ, ಯುಜಿಸಿ, ಸಿಂಡಿಕೇಟ್ (ವಿವಿ ಆಡಳಿತ ಮಂಡಳಿ) ಕಡೆಯಿಂದ ತಲಾ ಒಬ್ರು. ರಾಜ್ಯ ಸರ್ಕಾರಕ್ಕೆ ಕುರ್ಚಿನೇ ಇಲ್ಲ.

ರಾಜಶೇಖರ್ ಸರ್: ವಿದ್ಯೆ ಮಾರೋ ಸರಕಲ್ಲ ಮಕ್ಕಳೇ. ಹಿಂದೆ ಯೋಗ್ಯತೆ ನೋಡಿ ತಗೋತಿದ್ರು.

ಶೈಲಜಾ: ಸರ್, ಈಗಿನ 2018ರ ನಿಯಮದಲ್ಲೂ ಆಯ್ಕೆ ಬರೀ ಸಂದರ್ಶನದ ಮೇಲೇ. ವಿವಿಗಳಲ್ಲಿ ಪಿಎಚ್‌ಡಿಗೆ 30 ಅಂಕ, ಜೆಆರ್‌ಎಫ್ ಅನ್ನೋ ಸಂಶೋಧನಾ ಫೆಲೋಶಿಪ್‌ಗೆ 7 ಅಂತ ಕೂಡಿಸೋದೆಲ್ಲ ಶಾರ್ಟ್‌ಲಿಸ್ಟ್‌ವರೆಗೆ. ಒಳಗೆ ಹೋದ್ಮೇಲೆ 92 ಬಂದವರೂ 61 ಬಂದವರೂ ಒಂದೇ. ಯಾರಿಗೆ ಯಾಕೆ ಎಷ್ಟು ಕೊಟ್ವಿ ಅಂತ ಸಮಿತಿ ಬರೆದಿಡದಿದ್ರೆ ಪಟ್ಟಿ ಸೀದಾ ಹೈಕೋರ್ಟ್‌ಗೆ.

ಬಸು: ಲೇ ಮಂಜ್ಯಾ, ಮೆಸ್‌ನ್ಯಾಗಿನ ಒಗ್ಗರಣಿ ಚುರುಮುರಿ ನೆನಪೈತೇನು? 😂

ಗಿರೀಶ: ಒಂದು ನಿಮಿಷ. ಗುತ್ತಿಗೆ ವಿಷಯ ಯಾರಾದ್ರೂ ಓದಿದ್ರಾ? 2018ರಲ್ಲಿ ಗುತ್ತಿಗೆ ಮೇಷ್ಟ್ರು ಒಟ್ಟು ಹುದ್ದೆಯ ಶೇ 10 ದಾಟೋ ಹಾಗಿಲ್ಲ. ಕರಡಲ್ಲಿ ಆ ಮಿತಿನೇ ಮಾಯ. ವಾರಕ್ಕೆ 96 ಗಂಟೆ ಪಾಠ ಇರೋ ವಿಭಾಗ ತಗೊಳ್ಳಿ. ಒಬ್ಬ ಅಸಿಸ್ಟೆಂಟ್‌ಗೆ 16 ಗಂಟೆ, ಅಂದ್ರೆ 6 ಜನ. ಇಬ್ರು ಕಾಯಂ, ನಾಲ್ವರು ಗುತ್ತಿಗೆ ಆದ್ರೆ ಟೈಮ್‌ಟೇಬಲ್ ತುಂಬತ್ತೆ, ಸಮಸ್ಯೆ ಕಾಣೋದೇ ಇಲ್ಲ. ಆದ್ರೆ ಪಿಎಚ್‌ಡಿ ಗೈಡ್ ಕಾಯಂನವರೇ ಆಗ್ಬೇಕು, ಅಸಿಸ್ಟೆಂಟ್‌ಗೆ ತಲಾ 4 ವಿದ್ಯಾರ್ಥಿ. 24 ಸೀಟು ಹೋಗಿ 8. ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್‌ನ ಫೈಲೂ ಆ ಇಬ್ಬರ ತಲೆ ಮೇಲೇ.

ಮಂಜು: ಅದಿರ್ಲಿ. ಗೆಜೆಟ್ ನಂಬರ್ ಕೇಳೋರು ಗೆಟ್ ಟುಗೆದರ್ ಬಿಲ್ ಹಾಕಿದ್ರಾ?

ಶೈಲಜಾ: ಎರಡು ಸಲ ಹಾಕಿದೀನಿ. ನಿನ್ನ 1,500 ಇನ್ನೂ ಬಂದಿಲ್ಲ.

ಮಂಜು: ಊಟಾನೇ ಮಾಡ್ಲಿಲ್ಲ ನಾನು!

ರಾಜಶೇಖರ್ ಸರ್: ಗುಂಪಿನಲ್ಲಿ ಹಣದ ಮಾತು ಬೇಡ. 🙏

ಗಿರೀಶ: ಆ ಶೇ 10...

ಬಸು: ಶೇ 10 ಡಿಸ್ಕೌಂಟ್ ಕೊಟ್ಟಿದ್ರೇನು ಹೋಟೆಲ್‌ನವ್ರು? ಹಂಗಾದ್ರ ನನಗ ವಾಪಸ್ ಬರಬೇಕಲ್ಲ!