ಅಪ್‌ಡೇಟ್: ಟ್ರಕ್‌ಗೆ ಕೊನೆಗೂ ಮೋಟಾರ್ ಹಾಕಿದೆ

ನನ್ನ 1/10 ಅಳತೆಯ ರಿಮೋಟ್ ರೇಸಿಂಗ್ ಟ್ರಕ್‌ಗೆ ಯಾವ ಬ್ರಷ್‌ಲೆಸ್ ಮೋಟಾರ್ ಹಾಕಲಿ ಅಂತ ಕೇಳಿದ್ದೆ ಅಲ್ವಾ? ಭಾರದ ಗಾಡಿ, ಜಾಸ್ತಿ ಕೆವಿ (ಒಂದು ವೋಲ್ಟಿಗೆ ಮೋಟಾರ್ ನಿಮಿಷಕ್ಕೆ ತಿರುಗುವ ಸುತ್ತು) ಬೇಡ ಎಂದಿರಿ. ಮಾತು ಕೇಳಿದೆ. 550 ಸೈಜಿನ, ನಾಲ್ಕು ಪೋಲ್‌ನ 3,300 ಕೆವಿ ಮೋಟಾರ್ ತರಿಸಿದೆ. 2ಎಸ್ ಲಿಪೋ, ಅಂದರೆ ಎರಡು ಸೆಲ್ಲಿನ ಲಿಥಿಯಂ ಬ್ಯಾಟರಿಯ 7.4 ವೋಲ್ಟಿಗೆ ಲೆಕ್ಕ ಹಾಕಿದರೆ, ಲೋಡ್ ಇಲ್ಲದೆ ನಿಮಿಷಕ್ಕೆ ಸುಮಾರು 24,400 ಸುತ್ತು.

ಶಾಫ್ಟ್ 5 ಮಿ.ಮೀ., ಹಳೇ ಪಿನಿಯನ್ (ಮೋಟಾರ್ ಶಾಫ್ಟಿಗೆ ಹಾಕುವ ಪುಟ್ಟ ಗೇರ್) ಕೂರಲೇ ಇಲ್ಲ. ವೇಗದ ಆಸೆಗೆ ದೊಡ್ಡ ಪಿನಿಯನ್ ಹಾಕಿ, ಮಂಡ್ಯದ ಹತ್ತಿರ ಮಾವನವರ ಕಬ್ಬು ಕಡಿದ ಗದ್ದೆಯಲ್ಲಿ ಬಿಟ್ಟೆ. ಐದೇ ನಿಮಿಷಕ್ಕೆ ಮೋಟಾರ್ ಕಾದ ಹೆಂಚು! ಎರಡು ಹಲ್ಲು ಕಡಿಮೆ ಇರುವುದನ್ನು ಹಾಕಿದ ಮೇಲೆ ಸರಿಹೋಯಿತು. ಟಾಪ್ ಸ್ಪೀಡ್ ಸ್ವಲ್ಪ ಇಳಿದಿದೆ, ಆದರೆ ಹೆಂಟೆ ಮಣ್ಣಲ್ಲೂ ಎತ್ತಿನ ಹಾಗೆ ಎಳೆಯುತ್ತದೆ. 3ಎಸ್ (ಮೂರು ಸೆಲ್ಲಿನ) ಬ್ಯಾಟರಿ ಸದ್ಯಕ್ಕೆ ಬೇಡ, ನನ್ನ ಇಎಸ್‌ಸಿ (ಮೋಟಾರಿನ ವೇಗ ನಿಯಂತ್ರಿಸುವ ಸಾಧನ) ತಡೆಯುವುದಿಲ್ಲ.