ತಮ್ಮ ಅಮೆರಿಕದಿಂದ ಬರೋವರೆಗೆ ಅಪ್ಪನನ್ನು ಹೇಗೆ ಇಡೋದು? ಅನುಭವ ಇದ್ದವರು ಹೇಳಿ

ಬನಶಂಕರಿ ಎರಡನೇ ಹಂತ: ಅಪ್ಪನಿಗೆ 84. ಮನೆಯಲ್ಲೇ ಇದ್ದಾರೆ, ಇನ್ನು ಕೆಲವೇ ದಿನ ಅಂದಿದ್ದಾರೆ ಡಾಕ್ಟರ್. ತಮ್ಮ ಡಲ್ಲಾಸ್‌ನಲ್ಲಿದ್ದಾನೆ, ಹೊರಟರೂ ಎರಡು ದಿನ ಬೇಕು. ಅಪ್ಪ ಹೋದಮೇಲೆ ಅವನು ಬರೋವರೆಗೆ ದೇಹ ಕೆಡದ ಹಾಗೆ ಇಡೋಕೆ ಎಂಬಾಮಿಂಗ್ ಒಳ್ಳೇದಾ, ಫ್ರೀಜರ್ ಬಾಕ್ಸ್ ಸಾಕಾ? ವಿದ್ಯುತ್ ಚಿತಾಗಾರ ಅಂದುಕೊಂಡಿದ್ದೇವೆ. ಅಪ್ಪನಿಗೆ ಪೇಸ್‌ಮೇಕರ್ ಇದೆ.

ಜಯನಗರದ ಮಗಳು: ಫ್ರೀಜರ್ ಬಾಕ್ಸ್ ಅನ್ನೋದು ಬಾಯಲ್ಲಿ ಹೇಳೋಕೆ ಸುಲಭ. ನಮ್ಮದು ಮೂರನೇ ಮಹಡಿ. ಬಾಕ್ಸ್ ಲಿಫ್ಟಿಗೆ ಹಿಡಿಸಲಿಲ್ಲ, ಮೆಟ್ಟಿಲ ತಿರುವಿನಲ್ಲೂ ತಿರುಗಲಿಲ್ಲ. ಕಡೆಗೆ ಅಮ್ಮನನ್ನು ಪಾರ್ಕಿಂಗಿನಲ್ಲಿ ಸ್ಕೂಟರ್‌ಗಳ ಪಕ್ಕ ಇಟ್ಟೆವು. ದಿನಕ್ಕೆ 4,500 ಅಂದವನು ಎರಡು ದಿನಕ್ಕೆ 13,200 ಬಿಲ್ ಹಾಕಿದ. ತಂದಿದ್ದಕ್ಕೆ 1,200, ವಾಪಸ್ ಒಯ್ದದ್ದಕ್ಕೆ 1,200, ಹೊತ್ತ ಹುಡುಗರಿಗೆ 800, ತೊಳೆಯೋಕೆ ಅಂತ 1,000! ರಾತ್ರಿ ಕರೆಂಟ್ ಹೋಯಿತು. ಪಾರ್ಕಿಂಗಿಗೆ ಜನರೇಟರ್ ಲೈನ್ ಇಲ್ಲ ಅಂದರು ಅಸೋಸಿಯೇಷನ್‌ನವರು. ಲಿಫ್ಟ್ ಮಾತ್ರ ಜುಮ್ಮಂತ ಓಡುತ್ತಿತ್ತು.

ಹೆಬ್ಬಾಳದ ದೊಡ್ಡಪ್ಪ: ಅದಕ್ಕೇ ಹೇಳೋದು, ಎಂಬಾಮಿಂಗ್ ಮಾಡಿಸಿ. ನಮ್ಮ ಅಣ್ಣನಿಗೆ ಒಂದು ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಮಾಡಿಸಿದೆವು. ದೇಹ ಕೆಡದಿರಲಿ ಅಂತ ರಕ್ತನಾಳದ ಮೂಲಕ ಫಾರ್ಮಲಿನ್ ಅನ್ನೋ ರಾಸಾಯನಿಕ ಏರಿಸುತ್ತಾರೆ, ಎಷ್ಟು ಬೇಗ ಮಾಡಿಸಿದರೆ ಅಷ್ಟು ಒಳ್ಳೆಯದು. ಡಾಕ್ಟರ್ ಪತ್ರ, ಆಧಾರ್, ಪೊಲೀಸರ ಎನ್‌ಒಸಿ ಎಲ್ಲ ಕೇಳಿದರು. ಎಂಬಾಮಿಂಗ್ ಅಂದರೆ ದೇಹವನ್ನು ವಿಮಾನದಲ್ಲಿ ಕಳಿಸೋಕೆ ಅಂದುಕೊಂಡು ಸ್ಟೇಷನ್‌ನಲ್ಲಿ "ಯಾವ ಫ್ಲೈಟು" ಅಂತ ಕೇಳಿದ್ದೇ ಕೇಳಿದ್ದು. ಅಲ್ಲ ಸ್ವಾಮಿ, ಇಲ್ಲೇ ಸುಡೋದು, ಮಗ ಬರಬೇಕು ಅಂದರೆ ಅರ್ಥವೇ ಆಗಲಿಲ್ಲ. ಕೈ ಮುಗಿದ ಹಾಗೆ ಇಡಬೇಕಿದ್ದರೆ ಮೊದಲೇ ಜೋಡಿಸಿ, ಆಮೇಲೆ ಮೈ ಬಗ್ಗುವುದಿಲ್ಲ. ಫಾರ್ಮಲಿನ್ ವಾಸನೆಗೆ ಅಳದವರ ಕಣ್ಣಲ್ಲೂ ನೀರು ಬಂತು. ಆದರೆ ಮಗ ಬಂದಾಗ ಮುಖ ಮುಖದ ಹಾಗೇ ಇತ್ತು.

ಕಲ್ಪಳ್ಳಿ ಹತ್ತಿರದವನು: ಇಷ್ಟೆಲ್ಲ ಯಾಕೆ ಸಾರ್? ತಮ್ಮನನ್ನು ಈಗಲೇ ಕರೆಸಿ, ಅಪ್ಪ ಕಣ್ಣು ಬಿಟ್ಟು ನೋಡಲಿ. ನಮ್ಮಮ್ಮ ಬೆಳಿಗ್ಗೆ ಹೋದರು, ಸಂಜೆಯೊಳಗೆ ಎಲ್ಲ ಮುಗಿಯಿತು. ಅಣ್ಣ ದುಬೈಯಿಂದ ವಿಡಿಯೋದಲ್ಲೇ ನೋಡಿದ.

ಹೆಬ್ಬಾಳದ ದೊಡ್ಡಪ್ಪ: ಹೆತ್ತ ತಾಯಿಯನ್ನು ಮೊಬೈಲ್‌ನಲ್ಲಿ ಕಳಿಸಿಕೊಟ್ಟವರು ನಮಗೆ ಬುದ್ಧಿ ಹೇಳಬೇಡಿ. 2021ರಲ್ಲಿ ಪುನೀತ್ ಹೋದಾಗಲೂ ಮಗಳು ಅಮೆರಿಕದಿಂದ ಬರುವವರೆಗೆ ಕಾಯಲಿಲ್ವಾ?

ಕಲ್ಪಳ್ಳಿ ಹತ್ತಿರದವನು: ಕಂಠೀರವ ಸ್ಟೇಡಿಯಂ ಎಲ್ಲಿ, ನಿಮ್ಮ ಟೂ ಬಿಎಚ್‌ಕೆ ಎಲ್ಲಿ! ಅಪ್ಪು ಕಣ್ಣು ದಾನ ಮಾಡಿದ್ದರಲ್ಲ, ಅದು ನೆನಪಾಗಲಿಲ್ವಾ? ಜೀವ ಹೋದ ಆರು ಗಂಟೆಯೊಳಗೆ ತೆಗೆಯಬೇಕು. ಅಲ್ಲಿಯವರೆಗೆ ಫ್ಯಾನ್ ಆಫ್ ಮಾಡಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ತಲೆಗೆ ದಿಂಬು ಕೊಡಬೇಕು. ನಾವು ಅಮ್ಮನದು ಕೊಟ್ಟೆವು. ನಿಮ್ಮಣ್ಣನದು?

ನೈಟ್ ಡ್ಯೂಟಿ ನರ್ಸ್: ಯಾರೂ ಪ್ರಶ್ನೆ ಪೂರ್ತಿ ಓದಲಿಲ್ವಾ? ಪೇಸ್‌ಮೇಕರ್ ಇದೆ ಅಂದಿದ್ದಾರೆ. ಅದನ್ನು ತೆಗೆಸದೆ ಸುಡಬಾರದು, ಬಿಸಿಗೆ ಬ್ಯಾಟರಿ ಸಿಡಿಯುತ್ತದೆ. ಚಿಕ್ಕ ಕೆಲಸ, ಆದರೆ ಮನೆಗೆ ಬಂದು ತೆಗೆಯುವ ಡಾಕ್ಟರ್ ಯಾರು ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ಮನೆಯಲ್ಲಿ ಹೋದರೆ ನೋಡುತ್ತಿದ್ದ ಡಾಕ್ಟರೇ ಸಾವಿನ ಕಾರಣ ಬರೆದ 4ಎ ಫಾರಂ ಕೊಡಬೇಕು. ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು.

ಜಯನಗರದ ಮಗಳು: ಆ ಫಾರಂನಲ್ಲಿ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಬರೆಸಿ. ಅಮ್ಮನ ಇನಿಷಿಯಲ್ ಬಿಟ್ಟು ಬರೆದರು ಅಂತ ಬ್ಯಾಂಕ್‌ನವರು ಎಫ್‌ಡಿ ಕೊಡದೆ ಅಫಿಡವಿಟ್ ಕೇಳಿದರು. ನೋಟರಿಗೆ 600.

ಸೌದೆಯೇ ಸರಿ: ವಿದ್ಯುತ್‌ನಲ್ಲಿ ಹಿಂದಿನವರ ಬೂದಿಯೂ ಸೇರಿರುತ್ತೆ. ನಾವು ಸೌದೆಯಲ್ಲೇ ಮಾಡಿದ್ದು, ತುಪ್ಪ ಸೇರಿ 11,500. ಮಾರನೇ ದಿನ ಅಸ್ಥಿ ಸಂಚಯನಕ್ಕೆ ಹೋದರೆ ನಮ್ಮವರೇ ಅಂತ ಧೈರ್ಯವಾಗಿ ಆರಿಸಬಹುದು.

ಕಲ್ಪಳ್ಳಿ ಹತ್ತಿರದವನು: ಪ್ರತಿ ಸಲ ಗುಡಿಸಿ ತೆಗೆದೇ ಮುಂದಿನವರನ್ನು ಒಳಗೆ ಬಿಡೋದು. ನಾನು ನಿಂತು ನೋಡಿದ್ದೇನೆ. ಸುಮ್ನೆ ಹೆದರಿಸಬೇಡಿ.

ಸೌದೆಯೇ ಸರಿ: ನೀವು ನೋಡಿದ್ದು ನಿಮ್ಮ ಸರದಿ ಒಂದೇ.

ಹೆಬ್ಬಾಳದ ದೊಡ್ಡಪ್ಪ: ಯಾವುದರಲ್ಲಿ ಸುಟ್ಟರೂ ಕಡೆಗೆ ಅಸ್ಥಿ ಶ್ರೀರಂಗಪಟ್ಟಣಕ್ಕೇ ತಾನೇ. ಅಲ್ಲಿನ ಪಶ್ಚಿಮವಾಹಿನಿಯಲ್ಲಿ ಪುರೋಹಿತರು 2,500 ಅಂತ ಕೂರಿಸಿ, ಏಳುವಾಗ ದಾನದ ಲೆಕ್ಕ ಹೇಳಿ 7,000 ಇಸಿದುಕೊಂಡರು. ಹೋಗುವ ಮೊದಲೇ ರೇಟು ಮಾತಾಡಿ.

ಸೌದೆಯೇ ಸರಿ: ದಾನಕ್ಕೂ ಚೌಕಾಸಿ ಮಾಡ್ತೀರಾ?

ಹೆಬ್ಬಾಳದ ದೊಡ್ಡಪ್ಪ: ಕೇಳಿ ಇಸಿದುಕೊಂಡರೆ ಅದು ದಾನ ಅಲ್ಲ ಮಹರಾಯ, ಬಿಲ್ಲು.